ಡ್ರೈಯರ್ ತಿರುಗುತ್ತಿಲ್ವಾ? ಮೋಟಾರ್ ಬದಲಿಸುವ ಮೊದಲು ಇಷ್ಟು ನೋಡಿ

ಮಳೆ ಹಿಡಿದು ವಾರವಾಗಿರುತ್ತದೆ, ಹಗ್ಗದ ಮೇಲಿನ ಬಟ್ಟೆ ಮುಗ್ಗಲು ವಾಸನೆ ಹೊಡೆಯುತ್ತಿರುತ್ತದೆ. ಸೆಮಿ ಆಟೋಮ್ಯಾಟಿಕ್ ಮೆಷಿನ್ನಿನ ಡ್ರೈಯರ್ ಕೈಕೊಡುವುದು ಆಗಲೇ. ಒಗೆಯುವ ಕಡೆ ಚೆನ್ನಾಗಿ ಓಡುತ್ತದೆ. ಪಕ್ಕದ ಚಿಕ್ಕ ಟಬ್ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ರಿಪೇರಿಯವರಿಗೆ ಫೋನ್ ಮಾಡಿದರೆ ಎಷ್ಟೋ ಸಲ ಮೆಷಿನ್ ನೋಡುವ ಮೊದಲೇ ಉತ್ತರ ಬಂದಿರುತ್ತದೆ: "ಮೋಟಾರ್ ಹೋಗಿರತ್ತೆ ಸಾರ್."

ಹೋಗಿರಲೂಬಹುದು. ಆದರೆ ಈ ಮೋಟಾರ್ ಸುಮ್ನೆ ಸುಡುವುದಿಲ್ಲ. ಕೆಳಗೆ ಒಂದು ಕಾಲ್ಚೀಲ ಸಿಕ್ಕಿಕೊಂಡಿರುತ್ತದೆ, ಇಲ್ಲವೇ ಬ್ರೇಕ್ ಬಿಡದೆ ಹಿಡಿದಿರುತ್ತದೆ, ಇಲ್ಲವೇ ಮೋಟಾರಿಗೆ ಮೊದಲ ತಳ್ಳಾಟ ಕೊಡುವ ಕೆಪಾಸಿಟರ್ ಸೊರಗಿರುತ್ತದೆ. ಅದು ಗೊತ್ತಾಗದೆ ನಾವು ಮತ್ತೆ ಮತ್ತೆ ಟೈಮರ್ ತಿರುಗಿಸುತ್ತೇವೆ. ಮೋಟಾರ್ ನಿಂತಲ್ಲೇ ಗುಂಯ್ ಎನ್ನುತ್ತಾ ಬಿಸಿಯಾಗುತ್ತದೆ, ಕೊನೆಗೆ ಸುಡುತ್ತದೆ. ಆಮೇಲೆ ಹೊಸ ಮೋಟಾರ್ ಹಾಕಿಸಿದರೂ ಮೂಲ ಕಾರಣ ಅಲ್ಲೇ ಕೂತಿದ್ದರೆ ಅದಕ್ಕೂ ಅದೇ ಗತಿ. ಆದ್ದರಿಂದ ಟಬ್ ತಿರುಗದೆ ಬರೀ ಸದ್ದು ಬಂದರೆ ಎರಡು ಮೂರು ಸೆಕೆಂಡಿನೊಳಗೆ ಟೈಮರನ್ನು ಸೊನ್ನೆಗೆ ತನ್ನಿ. ಈ ಲೇಖನದಲ್ಲಿ ಬೇರೇನೂ ನೆನಪಿರದಿದ್ದರೂ ಇದೊಂದು ನೆನಪಿರಲಿ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಎರಡು ಟಬ್ಬಿನ ಸೆಮಿ ಆಟೋಮ್ಯಾಟಿಕ್ ಮೆಷಿನ್ ಬಗ್ಗೆ. ಕಂಪನಿ ಯಾವುದಾದರೂ ಒಳಗಿನ ಲೆಕ್ಕಾಚಾರ ಹೆಚ್ಚುಕಡಿಮೆ ಒಂದೇ. ಬಿಸಿ ಗಾಳಿಯಲ್ಲಿ ಒಣಗಿಸುವ ಡ್ರೈಯರ್ ಇರುವವರಿಗೆ ಕೊನೆಯಲ್ಲಿ ಸ್ವಲ್ಪ ಬರೆದಿದ್ದೇನೆ.

ಮೊದಲು ಪ್ಲಗ್ ತೆಗೆಯಿರಿ

ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೆಯ ವೈರಿಂಗ್ ಇರುವ ಮನೆಗಳಲ್ಲಿ ಸ್ವಿಚ್ಚನ್ನು ಫೇಸ್ (ಕರೆಂಟ್ ಬರುವ ವೈರ್) ಬದಲು ನ್ಯೂಟ್ರಲ್‌ಗೆ (ವಾಪಸ್ ಹೋಗುವ ವೈರ್) ಹಾಕಿರುವುದುಂಟು. ಆಗ ಸ್ವಿಚ್ ಆಫ್ ಇದ್ದರೂ ಮೆಷಿನ್ನಿನೊಳಗೆ ಕರೆಂಟ್ ಇರುತ್ತದೆ. ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಕಡೆ ಇಡಿ. ಮೆಷಿನ್ ಬಚ್ಚಲಲ್ಲಿದ್ದರೆ ಒಣ ಜಾಗಕ್ಕೆ ಎಳೆದು ತನ್ನಿ. ಕಾಲಿಗೆ ಚಪ್ಪಲಿ ಇರಲಿ.

ಇನ್ನೊಂದು ವಿಷಯ. ಮೆಷಿನ್ ಮುಟ್ಟಿದಾಗ ಜುಂ ಅನ್ನುವ ಅನುಭವ ಮೊದಲೇ ಆಗಿದ್ದರೆ ಈ ರಿಪೇರಿಗೆ ಕೈ ಹಾಕಬೇಡಿ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ. ಮನೆಯ ಬೋರ್ಡಿನಲ್ಲಿ ಎಂಸಿಬಿ (ಕರೆಂಟ್ ಅತಿಯಾದರೆ ಬೀಳುವ ಸ್ವಿಚ್) ಇದೆ ಎಂದು ಧೈರ್ಯ ಬೇಡ. ಶಾಕ್‌ನಿಂದ ಮನುಷ್ಯನನ್ನು ಉಳಿಸುವುದು ಅದಲ್ಲ, ಕರೆಂಟ್ ಸೋರಿದೊಡನೆ ಕಟ್ ಮಾಡುವ 30 ಮಿಲಿಆಂಪ್‌ನ ಆರ್‌ಸಿಸಿಬಿ.

ಬೇಕಾದ ಸಾಮಾನು ಕಮ್ಮಿ: ಸ್ಟಾರ್ ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಉದ್ದ ಮೂತಿಯ ಪ್ಲೇಯರ್, 8 ಮತ್ತು 10 ನಂಬರ್ ಸ್ಪ್ಯಾನರ್, ಒಂದು ಟಾರ್ಚ್. ಮಲ್ಟಿಮೀಟರ್ ಇದ್ದರೆ ಬಹಳ ಅನುಕೂಲ. ಹೋಲ್ಡರಿಗೆ ಎರಡು ತುಂಡು ವೈರ್ ಹಾಕಿದ ಹಳೇ ಫಿಲಮೆಂಟ್ ಬಲ್ಬ್ ಇದ್ದರೆ ಅದನ್ನೂ ತೆಗೆದಿಟ್ಟುಕೊಳ್ಳಿ. ಕೆಪಾಸಿಟರಿನಲ್ಲಿ ಉಳಿದ ಕರೆಂಟ್ ಇಳಿಸಲು ಅದು ಬೇಕು, ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಆಗುವುದಿಲ್ಲ.

ಬಿಚ್ಚುವ ಮೊದಲು ಕಿವಿಗೊಟ್ಟು ಕೇಳಿ

ಬಟ್ಟೆಯನ್ನೆಲ್ಲ ತೆಗೆದು ಡ್ರೈಯರ್ ಖಾಲಿ ಮಾಡಿ. ಪ್ಲಗ್ ಹಾಕಿ, ಮುಚ್ಚಳ ಪೂರ್ತಿ ಮುಚ್ಚಿ, ಟೈಮರನ್ನು ಒಂದು ನಿಮಿಷಕ್ಕೆ ತಿರುಗಿಸಿ. ಎರಡೇ ಸೆಕೆಂಡ್ ಕೇಳಿಸಿಕೊಂಡು ಆಫ್ ಮಾಡಿ, ಪ್ಲಗ್ ತೆಗೆಯಿರಿ.

ಏನೂ ಸದ್ದಿಲ್ಲದಿದ್ದರೆ ಮೋಟಾರಿಗೆ ಕರೆಂಟೇ ಹೋಗುತ್ತಿಲ್ಲ, ಅಥವಾ ಮೋಟಾರಿನೊಳಗೆ ಎಲ್ಲೋ ಕಟ್ ಆಗಿದೆ. ಗುಂಯ್ ಅಂತ ಸದ್ದು ಬಂದೂ ಟಬ್ ತಿರುಗದಿದ್ದರೆ ಕರೆಂಟ್ ಬರುತ್ತಿದೆ, ಏನೋ ತಡೆಯುತ್ತಿದೆ ಅಥವಾ ಮೋಟಾರಿಗೆ ಶಕ್ತಿ ಸಾಲುತ್ತಿಲ್ಲ. ಮೋಟಾರ್ ಸರಾಗವಾಗಿ ಓಡುವ ಸದ್ದು ಬಂದು ಟಬ್ ಮಾತ್ರ ನಿಂತಿದ್ದರೆ ಇವೆರಡರ ನಡುವಿನ ಕೊಂಡಿ ಕಳಚಿದೆ. ಖಾಲಿ ಟಬ್ ಚೆನ್ನಾಗಿ ತಿರುಗಿತು ಅಂದರೆ? ಹಾಗಾದರೆ ತೊಂದರೆ ಬಟ್ಟೆ ತುಂಬುವ ರೀತಿಯಲ್ಲಿದೆ. ಸ್ಕ್ರೂಡ್ರೈವರ್ ವಾಪಸ್ ಇಡಬಹುದು.

ಒಂದು ಎಚ್ಚರಿಕೆ. ಮುಚ್ಚಳ ಅರ್ಧ ಎತ್ತಿ, ಕರೆಂಟ್ ಇರುವಾಗಲೇ ಟಬ್ಬನ್ನು ಕೈಯಿಂದ ತಳ್ಳಿ 'ಸ್ಟಾರ್ಟ್' ಮಾಡುವವರಿದ್ದಾರೆ. ದಯವಿಟ್ಟು ಬೇಡ. ಹಿಡಿತಕ್ಕೆ ಬಂದರೆ ಟಬ್ ನಿಮಿಷಕ್ಕೆ ಸುಮಾರು 1300 ಸುತ್ತು ಹೊಡೆಯುತ್ತದೆ. ಬೆರಳು ಅಥವಾ ಬಳೆ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯ ಇರುವುದಿಲ್ಲ.

ಸದ್ದೇ ಇಲ್ಲದಿದ್ದರೆ

ಒಗೆಯುವ ಕಡೆ ಓಡುತ್ತಿದೆಯಾ ನೋಡಿ. ಎರಡಕ್ಕೂ ಒಂದೇ ವೈರಿನಿಂದ ಕರೆಂಟ್ ಬರುವುದು. ಅದು ಓಡುತ್ತಿದ್ದರೆ ಪ್ಲಗ್, ಸಾಕೆಟ್, ವೈರ್ ಎಲ್ಲ ಸರಿ ಇದೆ ಅಂತ ಅರ್ಥ. ಎರಡೂ ಸತ್ತಿದ್ದರೆ ಅದೇ ಸಾಕೆಟ್ಟಿಗೆ ಬೇರೇನಾದರೂ ಹಾಕಿ ನೋಡಿ. ಆಮೇಲೆ ಪ್ಲಗ್ ಟಾಪ್ ಬಿಚ್ಚಿ ನೋಡಿ, ಒಳಗೆ ವೈರ್ ಸುಟ್ಟು ಕಳಚಿರಬಹುದು.

ಮುಂದಿನ ಸರದಿ ಟೈಮರ್ ನಾಬ್. ನಾಬ್ ತಿರುಗುತ್ತದೆ, ಟಿಕ್ ಟಿಕ್ ಸದ್ದು ಮಾತ್ರ ಇಲ್ಲ. ಹಾಗಿದ್ದರೆ ನಾಬಿನ ಒಳಗಿನ ಪ್ಲಾಸ್ಟಿಕ್ ಒಡೆದಿದೆ. ಅದು ಒಳಗಿನ ಕಡ್ಡಿಯನ್ನು ತಿರುಗಿಸದೆ ತಾನೊಂದೇ ತಿರುಗುತ್ತಿದೆ. ನಾಬನ್ನು ನೇರ ಎಳೆದರೆ ಬರುತ್ತದೆ. ಪ್ಲಗ್ ತೆಗೆದೇ ಕಡ್ಡಿಯನ್ನು ಪ್ಲೇಯರಿನಿಂದ ಮೆಲ್ಲಗೆ ತಿರುಗಿಸಿ. ಟಿಕ್ ಟಿಕ್ ಬಂತಾ? ನಾಬ್ ಒಂದನ್ನೇ ತಂದರೆ ಸಾಕು. ಕಡ್ಡಿ ತಿರುಗಿಸಿದರೂ ಅದು ಸೊನ್ನೆಗೆ ತಾನಾಗಿ ವಾಪಸ್ ಬರದಿದ್ದರೆ ಟೈಮರೇ ಹೋಗಿದೆ.

ಇನ್ನು ಮುಚ್ಚಳದ ಸ್ವಿಚ್. ಸದ್ದಿಲ್ಲದ ಡ್ರೈಯರಿನಲ್ಲಿ ನಾನು ಮೊದಲು ಅನುಮಾನಪಡುವುದು ಇದನ್ನೇ. ಮುಚ್ಚಳದ ಕೀಲಿನ ಹತ್ತಿರ ಒಂದು ಚಿಕ್ಕ ಮೂತಿ ಇರುತ್ತದೆ. ಮುಚ್ಚಿದಾಗ ಅದು ಮೇಲಿನ ಪ್ಯಾನೆಲ್ಲಿನೊಳಗಿನ ಎರಡು ಹಿತ್ತಾಳೆ ಪಟ್ಟಿಗಳನ್ನು ಒಂದಕ್ಕೊಂದು ತಾಗಿಸುತ್ತದೆ. ಆಗಲೇ ಮೋಟಾರಿಗೆ ಕರೆಂಟ್. ಮುಚ್ಚಳ ಬಿಸಿಲಿಗೆ ಸೊಟ್ಟಗಾದರೆ ಅಥವಾ ಆ ಮೂತಿ ಮುರಿದರೆ ಪಟ್ಟಿಗಳು ತಾಗುವುದಿಲ್ಲ. ಮುಚ್ಚಳವನ್ನು ಮೇಲಿನಿಂದ ಗಟ್ಟಿಯಾಗಿ ಒತ್ತಿ ಹಿಡಿದಾಗ ಮಾತ್ರ ಮೆಷಿನ್ ಓಡಿದರೆ ತೊಂದರೆ ಇಲ್ಲೇ ಇದೆ.

ಮೇಲಿನ ಪ್ಯಾನೆಲ್ಲಿನ ಹಿಂದಿನ ಸ್ಕ್ರೂಗಳನ್ನು ಬಿಚ್ಚಿ. ಎತ್ತುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ, ಎತ್ತಿದ ಮೇಲೆ ಇನ್ನೊಂದು. ಯಾವ ಬಣ್ಣದ ವೈರ್ ಎಲ್ಲಿತ್ತು ಎಂಬುದು ಆಮೇಲೆ ನೆನಪಿರುವುದಿಲ್ಲ, ಮೆಷಿನ್ನಿನಿಂದ ಮೆಷಿನ್ನಿಗೆ ಬಣ್ಣ ಬೇರೆ. ಹಿತ್ತಾಳೆ ಪಟ್ಟಿಗಳ ತುದಿ ಕಪ್ಪಾಗಿದ್ದರೆ ನಂಬರ್ 400ರಂಥ ನಯವಾದ ಎಮರಿ ಪೇಪರಿನಿಂದ ಉಜ್ಜಿ. ಬಗ್ಗಿ ದೂರವಾಗಿದ್ದರೆ ಪ್ಲೇಯರಿನಿಂದ ಸ್ವಲ್ಪ ಹತ್ತಿರ ತನ್ನಿ. ಮಲ್ಟಿಮೀಟರನ್ನು ಬೀಪ್ ಬರುವ ಗುರುತಿಗೆ ಇಟ್ಟು ಎರಡು ಪಟ್ಟಿಗೂ ತಾಗಿಸಿ. ಮುಚ್ಚಿದಾಗ ಬೀಪ್ ಬರಬೇಕು, ತೆರೆದಾಗ ನಿಲ್ಲಬೇಕು.

ಈ ಸ್ವಿಚ್ಚಿನ ಎರಡು ವೈರುಗಳನ್ನು ಒಂದಕ್ಕೊಂದು ಸುತ್ತಿ 'ಡೈರೆಕ್ಟ್' ಕೊಟ್ಟು ಹೋಗುವ ಮೆಕ್ಯಾನಿಕ್‌ಗಳೂ ಇದ್ದಾರೆ. ಮೆಷಿನ್ ಓಡುತ್ತದೆ, ನಿಜ. ಜೊತೆಗೆ ಮುಚ್ಚಳ ತೆರೆದಿದ್ದರೂ ಓಡುತ್ತದೆ. ಸೀರೆ ಸೆರಗು, ದುಪಟ್ಟಾ, ಮಕ್ಕಳ ಕೈ ಇವೆಲ್ಲ ಆ ಟಬ್ಬಿನ ಹತ್ತಿರವೇ ಓಡಾಡುವ ಮನೆಯಲ್ಲಿ ಅದನ್ನು ಒಪ್ಪಬೇಡಿ. ಹೊಸ ಸ್ವಿಚ್ಚಿಗೆ ಹೆಚ್ಚು ಖರ್ಚಾಗುವುದಿಲ್ಲ.

ಪ್ಯಾನೆಲ್ ತೆರೆದಾಗ ಟೈಮರಿನ ಟರ್ಮಿನಲ್‌ಗಳನ್ನೂ ನೋಡಿ. ಒಂದು ಕ್ಲಿಪ್ ಸುಟ್ಟು ಕಂದಾಗಿದ್ದರೆ ಆ ತುದಿ ಕತ್ತರಿಸಿ ಹೊಸ ಕ್ಲಿಪ್ ಹಾಕಬೇಕು. ಬರೀ ಒತ್ತಿ ಕೂರಿಸಿದರೆ ಮತ್ತೆ ಸುಡುತ್ತದೆ.

ಇಲಿಯನ್ನು ಮರೆಯುವ ಹಾಗಿಲ್ಲ. ಈ ಮೆಷಿನ್‌ಗಳ ತಳ ಸಾಮಾನ್ಯವಾಗಿ ಬಾಯಿ ತೆರೆದೇ ಇರುತ್ತದೆ. ಮಲೆನಾಡಿನ ಕಡೆ ಮಳೆಗಾಲದಲ್ಲಿ, ಊರೊಳಗಾದರೆ ಚರಂಡಿ ಪಕ್ಕದ ಮನೆಗಳಲ್ಲಿ, ಇಲಿ ಒಳಗೆ ಹೋಗಿ ಬೆಚ್ಚಗೆ ಕೂತು ವೈರ್ ಕಡಿಯುತ್ತದೆ. ಹಿಂದಿನ ಕವರ್ ಬಿಚ್ಚಿ ಟಾರ್ಚ್ ಬಿಟ್ಟರೆ ಹಿಕ್ಕೆ, ಚಿಂದಿ ಬಟ್ಟೆ, ಕತ್ತರಿಸಿದ ವೈರ್ ಎಲ್ಲ ಒಟ್ಟಿಗೇ ಕಾಣುತ್ತವೆ. ವೈರ್ ಸುಲಿದು ಬಿಗಿಯಾಗಿ ಹೆಣೆದು, ಟೇಪ್ ಸುತ್ತಿ, ನೀರು ಬೀಳದ ಎತ್ತರಕ್ಕೆ ಕಟ್ಟಿ. ಆಮೇಲೆ ತಳಕ್ಕೆ ಗಾಳಿಯಾಡುವ ಕಬ್ಬಿಣದ ಜಾಲರಿ ಹಾಕಿಸಿ. ರಟ್ಟು ಇಟ್ಟರೆ ಅದನ್ನೂ ಕಡಿಯುತ್ತದೆ.

ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ

ಹೆಚ್ಚಿನವರ ಗೋಳು ಇದೇ. ಕಾರಣಗಳು ನಾಲ್ಕು. ಬಿಟ್ಟಿಯಲ್ಲಿ ಸರಿಯಾಗುವುದರಿಂದ ಶುರು ಮಾಡೋಣ.

ಮೊದಲನೆಯದು ಸಿಕ್ಕಿಕೊಂಡ ಬಟ್ಟೆ. ತಿರುಗುವ ಟಬ್ ಮತ್ತು ಹೊರಗಿನ ಗೂಡಿನ ನಡುವೆ ಬೆರಳು ತೂರುವಷ್ಟು ಸಂದು ಇದೆ. ಕಾಲ್ಚೀಲ, ಕರ್ಚೀಫು, ಮಗುವಿನ ಟೊಪ್ಪಿ ಅದರೊಳಗೆ ಹಾರಿ ಬೀಳುತ್ತವೆ. ಅದಕ್ಕಿಂತ ತರಲೆ ಅಂದರೆ ಲಂಗದ ಲಾಡಿ ಮತ್ತು ಪೈಜಾಮದ ಲಾಡಿ. ಅದು ಒಂದು ತುದಿಯಿಂದ ಇಳಿದು ಟಬ್ಬನ್ನು ತಿರುಗಿಸುವ ಕೆಳಗಿನ ಶಾಫ್ಟಿಗೆ (ಕಬ್ಬಿಣದ ದಂಡಕ್ಕೆ) ಸುತ್ತು ಸುತ್ತಾಗಿ ಬಿಗಿದುಕೊಳ್ಳುತ್ತದೆ. ಬಟ್ಟೆಯ ಮೇಲೆ ಒತ್ತಿ ಇಡುವ ಪ್ಲಾಸ್ಟಿಕ್ ಜಾಲರಿ ಮುಚ್ಚಳ ಕೊಟ್ಟಿರುವುದು ಇದಕ್ಕೇ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅದು ಅಟ್ಟದ ಮೇಲಿರುತ್ತದೆ.

ಟಾರ್ಚ್ ಬಿಟ್ಟು ಸಂದಿನೊಳಗೆ ಸುತ್ತಲೂ ನೋಡಿ. ಬಟ್ಟೆ ತುದಿ ಕಂಡರೆ ಉದ್ದ ಮೂತಿಯ ಪ್ಲೇಯರಿನಿಂದ ಹಿಡಿದು, ಟಬ್ಬನ್ನು ಮಾಮೂಲಿಯಾಗಿ ತಿರುಗುವ ದಿಕ್ಕಿಗೆ ಉಲ್ಟಾ ನಿಧಾನ ತಿರುಗಿಸುತ್ತಾ ಎಳೆಯಿರಿ. ಜೋರಾಗಿ ಜಗ್ಗಿದರೆ ಕೆಳಗಿನ ರಬ್ಬರ್ ಹರಿಯುತ್ತದೆ, ಆಗ ಇನ್ನೊಂದು ಕೆಲಸ. ಬಟ್ಟೆ ಬರಲೇ ಇಲ್ಲ ಅಂದರೆ ಟಬ್ ಎತ್ತಬೇಕು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಟಬ್ಬನ್ನು ಕೈಯಿಂದ ತಿರುಗಿಸುವಾಗ ಒಂದು ಗೊಂದಲ ಆಗುತ್ತದೆ. ಮುಚ್ಚಳ ತೆರೆದಿದ್ದರೆ ಬ್ರೇಕ್ ಹಿಡಿದಿರುತ್ತದೆ, ಹಾಗಾಗಿ ಟಬ್ ಬಿಗಿಯಾಗಿಯೇ ಇರುತ್ತದೆ. "ಅಯ್ಯೋ, ಜಾಮ್ ಆಗಿದೆ" ಎಂದು ಗಾಬರಿಯಾಗುವುದು ಬೇಡ. ನಿಜವಾಗಿ ಜಾಮ್ ಆಗಿದೆಯಾ ಎಂದು ತಿಳಿಯಲು ಬ್ರೇಕ್ ಬಿಡಿಸಿಯೇ ನೋಡಬೇಕು.

ಇದೇ ಎರಡನೆಯ ಕಾರಣಕ್ಕೂ ದಾರಿ. ಹಿಂದಿನ ಕವರ್ ಬಿಚ್ಚಿ. ಡ್ರೈಯರ್ ಟಬ್ಬಿನ ಸರಿ ಕೆಳಗೆ ಮೋಟಾರ್, ಅದರ ತಲೆಯ ಮೇಲೆ ತಟ್ಟೆಯಂಥ ದುಂಡು ಭಾಗ, ಅದರ ಪಕ್ಕ ಒಂದು ಲಿವರ್ ಮತ್ತು ಬ್ರೇಕ್ ಪ್ಯಾಡ್. ಲಿವರಿನಿಂದ ಒಂದು ತಂತಿ ಮೇಲೆ ಮುಚ್ಚಳದ ಕಡೆ ಹೋಗುತ್ತದೆ. ಸೈಕಲ್ ಬ್ರೇಕಿನ ತಂತಿಯಂತೆಯೇ ಇದೂ, ಆದರೆ ಕೆಲಸ ತಿರುವುಮುರುವು. ಸೈಕಲ್ಲಿನಲ್ಲಿ ತಂತಿ ಎಳೆದರೆ ಬ್ರೇಕ್ ಹಿಡಿಯುತ್ತದೆ, ಇಲ್ಲಿ ಎಳೆದರೆ ಬಿಡುತ್ತದೆ. ಮುಚ್ಚಳ ಮುಚ್ಚಿದಾಗ ತಂತಿ ಎಳೆದುಕೊಂಡು ಪ್ಯಾಡ್ ದೂರ ಸರಿಯಬೇಕು. ತೆರೆದಾಗ ತಂತಿ ಸಡಿಲವಾಗಿ, ಸ್ಪ್ರಿಂಗ್ ಪ್ಯಾಡನ್ನು ಒತ್ತಬೇಕು.

ತಂತಿ ತುಂಡಾದರೆ, ಹಿಗ್ಗಿದರೆ, ಮೇಲಿನ ಕೊಕ್ಕೆ ಕಳಚಿದರೆ ಮುಚ್ಚಳ ಮುಚ್ಚಿದರೂ ಬ್ರೇಕ್ ಬಿಡುವುದಿಲ್ಲ. ಮೋಟಾರ್ ಹಿಡಿದ ಬ್ರೇಕಿನ ಜೊತೆ ಗುದ್ದಾಡುತ್ತದೆ. ರಬ್ಬರ್ ಸುಟ್ಟ ವಾಸನೆ ಬಂದಿದ್ದರೆ ನೇರ ಇಲ್ಲಿಗೇ ಬನ್ನಿ. ಪ್ಲಗ್ ತೆಗೆದಿದೆ ಎಂದು ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಒಬ್ಬರು ಮುಚ್ಚಳ ಮುಚ್ಚಿ ತೆರೆಯಲಿ, ಇನ್ನೊಬ್ಬರು ಹಿಂದೆ ಕೂತು ನೋಡಲಿ. ಮುಚ್ಚಿದಾಗ ಪ್ಯಾಡ್ ಮತ್ತು ತಟ್ಟೆಯ ನಡುವೆ ಒಂದೆರಡು ಮಿಲಿಮೀಟರ್ ಬೆಳಕು ಕಾಣಬೇಕು. ಕಾಣದಿದ್ದರೆ ತಂತಿಯನ್ನು ಸ್ವಲ್ಪ ಗಿಡ್ಡ ಮಾಡಿ ಸಿಕ್ಕಿಸಿ. ಕೆಲವು ಮೆಷಿನ್ನಿನಲ್ಲಿ ಇದಕ್ಕೆಂದೇ ಎರಡು ಮೂರು ತೂತು ಕೊಟ್ಟಿರುತ್ತಾರೆ. ತಂತಿ ತುಕ್ಕು ಹಿಡಿದಿದ್ದರೆ ಹೊಸದೇ ಹಾಕಿ. ಲಿವರಿನ ಕೀಲು ಬಿಗಿದಿದ್ದರೆ ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ ಬಿಡಿ. ಪ್ಯಾಡಿಗೆ ಮಾತ್ರ ಎಣ್ಣೆ ತಾಗಬಾರದು. ಕೈಗೆ ಸಿಕ್ಕಿತೆಂದು ಕೊಬ್ಬರಿ ಎಣ್ಣೆಯನ್ನೂ ಬಿಡಬೇಡಿ. 24 ಡಿಗ್ರಿಗಿಂತ ತಣ್ಣಗಾದರೆ ಅದು ಗಟ್ಟಿಯಾಗುತ್ತದೆ. ಜನವರಿಯ ಬೆಳಗ್ಗೆ ಮತ್ತೆ ಇದೇ ಕಥೆ.

ಈಗ ಲಿವರನ್ನು ಕೈಯಿಂದ ಎಳೆದು ಹಿಡಿದು, ಇನ್ನೊಂದು ಕೈಯಿಂದ ಆ ತಟ್ಟೆಯನ್ನು ತಿರುಗಿಸಿ. ಟಬ್ ಸಲೀಸಾಗಿ ತಿರುಗಿ ಒಂದೆರಡು ಸುತ್ತು ತಾನೇ ಹೋದರೆ ಬಟ್ಟೆಯೂ ಸಿಕ್ಕಿಲ್ಲ, ಬೇರಿಂಗೂ ಚೆನ್ನಾಗಿದೆ. ಹಾಗಿದ್ದೂ ಮೋಟಾರ್ ಗುಂಯ್ ಅನ್ನುತ್ತಾ ನಿಂತಿದ್ದರೆ ಅನುಮಾನವೆಲ್ಲ ಕೆಪಾಸಿಟರ್ ಮೇಲೆ.

ಅಂಗಡಿಯಲ್ಲಿ ಕಂಡೆನ್ಸರ್ ಅಂದರೂ ಕೊಡುವುದು ಇದನ್ನೇ. ಒಂದೇ ಫೇಸಿನ ಮೋಟಾರಿಗೆ ತಾನಾಗಿ ತಿರುಗಲು ಶುರು ಮಾಡುವ ಶಕ್ತಿ ಇರುವುದಿಲ್ಲ. ಎರಡನೇ ಸುರುಳಿಯ ಕರೆಂಟನ್ನು ಸ್ವಲ್ಪ ಮುಂದೆ ತಳ್ಳಿ ಆ ಮೊದಲ ತಳ್ಳಾಟ ಕೊಡುವುದು ಕೆಪಾಸಿಟರ್. ವರ್ಷ ಕಳೆದಂತೆ ಅದರ ಮೈಕ್ರೊಫ್ಯಾರಡ್, ಅಂದರೆ ಸಾಮರ್ಥ್ಯದ ಅಳತೆ, ಇಳಿಯುತ್ತಾ ಬರುತ್ತದೆ. ಮೊದಮೊದಲು ಖಾಲಿ ಟಬ್ ತಿರುಗುತ್ತದೆ, ಬಟ್ಟೆ ಹಾಕಿದರೆ ಇಲ್ಲ. ಆಮೇಲೆ ಖಾಲಿ ಇದ್ದರೂ ಇಲ್ಲ.

ಮುಟ್ಟುವ ಮೊದಲು ಅದರೊಳಗೆ ಉಳಿದ ಕರೆಂಟ್ ಇಳಿಸಬೇಕು. ಪ್ಲಗ್ ತೆಗೆದಿದ್ದರೂ ಅದು ಕೈಗೆ ಹೊಡೆಯಬಹುದು. ಹೋಲ್ಡರ್ ಬಲ್ಬಿನ ಎರಡು ವೈರನ್ನು, ಪ್ಲಾಸ್ಟಿಕ್ ಭಾಗದಲ್ಲಿ ಹಿಡಿದು, ಕೆಪಾಸಿಟರಿನ ಎರಡು ತುದಿಗೆ ಕೆಲವು ಸೆಕೆಂಡ್ ತಾಗಿಸಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಪಟ್ ಅನ್ನಿಸುವ ಪದ್ಧತಿ ಚೆನ್ನಾಗಿರುವ ಕೆಪಾಸಿಟರನ್ನೂ ಹಾಳು ಮಾಡುತ್ತದೆ.

ಹೊಟ್ಟೆ ಉಬ್ಬಿದ್ದರೆ, ಎಣ್ಣೆ ಒಸರಿದ್ದರೆ, ಒಡೆದಿದ್ದರೆ ಪರೀಕ್ಷೆಯೇ ಬೇಡ. ನೋಡಲು ಚೆನ್ನಾಗಿದ್ದೂ ಒಳಗೆ ಹೋಗಿರಬಹುದು. ಮಲ್ಟಿಮೀಟರಿನಲ್ಲಿ ಕೆಪಾಸಿಟರ್ ಅಳೆಯುವ ಗುರುತಿದ್ದರೆ ಅಳೆಯಿರಿ. ಅಗ್ಗದ ಮೀಟರುಗಳಲ್ಲಿ ಅದು ಇರುವುದಿಲ್ಲ. ಆಗ ಹತ್ತಿರದ ಮೋಟಾರ್ ವೈಂಡಿಂಗ್ ಅಂಗಡಿಗೆ ತೆಗೆದುಕೊಂಡು ಹೋಗಿ, ಒಂದು ನಿಮಿಷದ ಕೆಲಸ. 5 ಅಂತ ಬರೆದಿದ್ದು 3 ತೋರಿಸಿದರೆ ಬದಲಿಸಲೇಬೇಕು.

ಹೊಸದು ತರುವಾಗ ಹಳೆಯದನ್ನು ಕೈಯಲ್ಲೇ ಒಯ್ಯಿರಿ. ಕೆಲವು ಮೆಷಿನ್ನಿನಲ್ಲಿ ಒಗೆಯುವ ಮೋಟಾರಿಗೂ ಡ್ರೈಯರಿಗೂ ಬೇರೆ ಬೇರೆ ಕೆಪಾಸಿಟರ್. ಇನ್ನು ಕೆಲವದರಲ್ಲಿ ಎರಡೂ ಒಂದೇ ಡಬ್ಬಿಯೊಳಗೆ, ಮೇಲೆ 10+5 ಎಂಬಂತೆ ಬರೆದಿರುತ್ತದೆ. ಆ ಅಂಕಿ ಅದೇ ಇರಬೇಕು, ವೋಲ್ಟ್ ಅಷ್ಟೇ ಅಥವಾ ಹೆಚ್ಚು ಇರಬೇಕು. ಸಾಮಾನ್ಯವಾಗಿ 440 ಇರುತ್ತದೆ. ಜೋಡಿ ಡಬ್ಬಿಯಲ್ಲಿ ಒಂದು ಅರ್ಧ ಮಾತ್ರ ಹೋಗಿರಬಹುದು, ಆದ್ದರಿಂದ ಒಗೆಯುವ ಕಡೆ ಸರಿ ಇದೆ ಎಂದು ಕೆಪಾಸಿಟರ್ ಚೆನ್ನಾಗಿದೆ ಅಂದುಕೊಳ್ಳಬೇಡಿ. ಮನೆಯಲ್ಲಿ ಸೀಲಿಂಗ್ ಫ್ಯಾನಿನ 2.5ರದ್ದು ಬಿದ್ದಿದೆ ಅಂತ ಅದನ್ನು ಹಾಕುವುದೂ ಬೇಡ.

ಕೆಪಾಸಿಟರ್ ಬದಲಿಸಲು ಹೊರಡುವ ಮೊದಲು ಮನೆಯ ವೋಲ್ಟೇಜ್ ಒಮ್ಮೆ ನೋಡಿ. ಬೇಸಿಗೆಯಲ್ಲಿ ಪಂಪ್‌ಸೆಟ್ಟುಗಳೆಲ್ಲ ಓಡುವ ಹೊತ್ತಿಗೆ ಹಳ್ಳಿ ಕಡೆ ಅದು 180ಕ್ಕೆ ಇಳಿಯುವುದು ಹೊಸದೇನಲ್ಲ. ಮೋಟಾರಿನ ಎಳೆಯುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230 ಇರಬೇಕಾದಲ್ಲಿ 180 ಇದ್ದರೆ ಬಲ ನೂರಕ್ಕೆ ಸುಮಾರು 60 ಭಾಗ ಮಾತ್ರ ಉಳಿಯುತ್ತದೆ. ರಾತ್ರಿ ಹತ್ತರ ಮೇಲೆ ಚೆನ್ನಾಗಿ ತಿರುಗುವ ಡ್ರೈಯರ್ ಸಂಜೆ ಏಳಕ್ಕೆ ಗುಂಯ್ ಅಂದರೆ ಮೆಷಿನ್ನನ್ನು ಬೈದು ಏನು ಮಾಡುವುದು?

ನಾಲ್ಕನೆಯದು ಬೇರಿಂಗ್. ಬ್ರೇಕ್ ಬಿಡಿಸಿದರೂ ಟಬ್ ಕಲ್ಲಿನಂತೆ ಕೂತಿದ್ದರೆ, ಬಟ್ಟೆಯೂ ಇಲ್ಲದಿದ್ದರೆ, ತುಕ್ಕು ಹಿಡಿದಿದೆ. ಇದರ ಹಿಂದೆ ಇರುವುದು ನೀರು. ಟಬ್ಬಿನ ಶಾಫ್ಟ್ ಕೆಳಗಿಳಿಯುವಲ್ಲಿ ಮಡಿಕೆ ಮಡಿಕೆಯ ಒಂದು ರಬ್ಬರ್ ಸೀಲ್ ಇದೆ. ಅದು ಹರಿದರೆ ನೀರು ನೇರ ಮೋಟಾರಿನ ತಲೆ ಮೇಲೆ ಸುರಿಯುತ್ತದೆ. ಮೆಷಿನ್ನಿನ ಡ್ರೈಯರ್ ಕಡೆಯ ನೆಲ ಒದ್ದೆ, ಕೆಂಪು ಕಲೆ, ಕಿರ್‌ರ್ ಅನ್ನುವ ಸದ್ದು ಇವು ತಿಂಗಳುಗಟ್ಟಲೆ ಮೊದಲೇ ಸುಳಿವು ಕೊಡುತ್ತವೆ. ಆಗಲೇ ಸೀಲ್ ಬದಲಿಸಿದ್ದರೆ ಮೋಟಾರ್ ಉಳಿಯುತ್ತಿತ್ತು. ತಡವಾಗಿದ್ದರೆ ವೈಂಡಿಂಗ್ ಅಂಗಡಿಯವರು ಮೋಟಾರ್ ಬಿಚ್ಚಿ ಬೇರಿಂಗ್ ಅಥವಾ ಬುಷ್ ಬದಲಿಸಿ ಕೊಡುತ್ತಾರೆ. ಜೊತೆಗೆ ಸೀಲನ್ನೂ ಹೊಸದು ಹಾಕದಿದ್ದರೆ ಹಣ ನೀರಿಗೆ ಹಾಕಿದಂತೆ.

ಮೋಟಾರ್ ಓಡುತ್ತದೆ, ಟಬ್ ಮಾತ್ರ ಇಲ್ಲ

ಇದು ಸುಲಭದ ಕೆಲಸ. ಬ್ರೇಕ್ ತಾಗುವ ಆ ತಟ್ಟೆಯ ಮೇಲ್ಭಾಗಕ್ಕೆ ಟಬ್ಬಿನ ಶಾಫ್ಟ್, ಕೆಳಭಾಗಕ್ಕೆ ಮೋಟಾರಿನ ಶಾಫ್ಟ್. ಎರಡನ್ನೂ ಪಕ್ಕದಿಂದ ಬೋಲ್ಟ್ ಹಾಕಿ ಬಿಗಿದಿರುತ್ತಾರೆ, ಮೇಲೊಂದು ಲಾಕ್ ನಟ್. ಅದುರಿ ಅದುರಿ ಇವು ಸಡಿಲವಾಗುತ್ತವೆ. ಮೊದಲು ಲಾಕ್ ನಟ್ ಬಿಡಿಸಿ. ಶಾಫ್ಟಿನ ಚಪ್ಪಟೆ ಭಾಗ ಅಥವಾ ಗುಳಿ ಬೋಲ್ಟಿನ ಮೂತಿಗೆ ಎದುರಾಗುವಂತೆ ಟಬ್ ತಿರುಗಿಸಿ. ಬೋಲ್ಟ್ ಬಿಗಿದು ಕೊನೆಗೆ ಲಾಕ್ ನಟ್ ಬಿಗಿಯಿರಿ. ದುಂಡು ಭಾಗದ ಮೇಲೆ ಬಿಗಿದರೆ ನಾಲ್ಕು ದಿನಕ್ಕೆ ಮತ್ತೆ ಜಾರುತ್ತದೆ.

ಸಿಕ್ಕಿಕೊಂಡ ಬಟ್ಟೆಗೆ ಟಬ್ ಎತ್ತಬೇಕು ಅಂದೆನಲ್ಲ, ಬಹುತೇಕ ಮೆಷಿನ್‌ಗಳಲ್ಲಿ ಅದಕ್ಕೂ ಇದೇ ದಾರಿ. ಮೇಲಿನ ಬೋಲ್ಟ್ ಸಡಿಲಿಸಿ ಟಬ್ಬನ್ನು ನೇರ ಮೇಲಕ್ಕೆ ಎಳೆಯಿರಿ. ಬರದಿದ್ದರೆ ಎಡಬಲ ಸ್ವಲ್ಪ ತಿರುಗಿಸುತ್ತಾ ಎಳೆಯಿರಿ, ಸುತ್ತಿಗೆ ಬೇಡ. ಟಬ್ ಹೊರಬಂದಾಗ ಸೀಲನ್ನು ಟಾರ್ಚ್ ಬಿಟ್ಟು ನೋಡಿ. ಕಳೆದುಹೋದ ಹುಕ್ಕು, ಪಿನ್ನು, ನಾಣ್ಯಗಳೂ ಅಲ್ಲೇ ಸಿಗುತ್ತವೆ.

ತಿರುಗುತ್ತದೆ, ಆದರೆ ಸೋಮಾರಿಯಾಗಿ

ನಿಧಾನ ತಿರುಗಿದರೆ ಮೊದಲು ನೀರು ಹೋಗುವ ಪೈಪ್ ನೋಡಿ. ಹೆಚ್ಚಿನ ಸೆಮಿ ಆಟೋಮ್ಯಾಟಿಕ್ ಮೆಷಿನ್‌ಗಳಲ್ಲಿ ನೀರು ಇಳಿಜಾರಿನಲ್ಲಿ ತಾನಾಗಿ ಹೋಗಬೇಕು, ಪಂಪ್ ಇರುವುದಿಲ್ಲ. ಪೈಪಿನ ತುದಿ ಬಚ್ಚಲ ಕಟ್ಟೆಯ ಮೇಲಿದ್ದರೆ ಅಥವಾ ಒಳಗೆ ನೂಲು, ಸೋಪಿನ ಗಸಿ ಕಟ್ಟಿದ್ದರೆ ಹೊರಗೂಡಿನಲ್ಲಿ ನೀರು ನಿಂತು ಟಬ್ಬನ್ನು ತಡೆಯುತ್ತದೆ. ಪೈಪ್ ಕಳಚಿ ನಲ್ಲಿ ನೀರು ಜೋರಾಗಿ ಬಿಟ್ಟರೆ ಸಾಕು.

ದಡಬಡ ಅಂದರೆ ಬಟ್ಟೆ ಒಂದೇ ಕಡೆ ಕೂತಿದೆ. ಒಗೆಯುವ ಟಬ್ಬಿನಷ್ಟು ಬಟ್ಟೆ ಡ್ರೈಯರಿನಲ್ಲಿ ಹಿಡಿಸುವುದಿಲ್ಲ, ಎರಡು ಸಲ ಹಾಕಬೇಕು. ಜೀನ್ಸ್, ಟವೆಲ್ ಕೆಳಗೆ, ಹಗುರವಾದದ್ದು ಮೇಲೆ, ಗೋಡೆಗೆ ಸುತ್ತಲೂ ಸಮವಾಗಿ ಒತ್ತಿ, ಅದರ ಮೇಲೆ ಆ ಜಾಲರಿ ಮುಚ್ಚಳ. ಒಂದೇ ಕಂಬಳಿ ಹಾಕಿದರೆ ಯಾವ ಮೆಷಿನ್ನೂ ಕುಣಿಯುತ್ತದೆ. ಬಟ್ಟೆ ಸರಿಯಾಗಿದ್ದೂ ಬಡಿದರೆ ಮೋಟಾರಿನ ಕೆಳಗಿನ ಸ್ಪ್ರಿಂಗುಗಳನ್ನು ನೋಡಿ. ಸಾಮಾನ್ಯವಾಗಿ ಮೂರಿರುತ್ತವೆ. ಒಂದು ಮುರಿದರೂ ಟಬ್ ವಾಲುತ್ತದೆ. ಬದಲಿಸುವಾಗ ಎಲ್ಲವನ್ನೂ ಒಟ್ಟಿಗೇ ಬದಲಿಸಿ.

ಮೋಟಾರೇ ಹೋಗಿದೆಯಾ?

ಮೇಲಿನದೆಲ್ಲ ಸರಿ ಇದ್ದರೆ ಮಾತ್ರ ಈ ಪ್ರಶ್ನೆ. ಮೋಟಾರಿನಿಂದ ಬರುವ ಮೂರು ವೈರನ್ನು ಕನೆಕ್ಟರಿನಿಂದ ಬಿಡಿಸಿ. ಮೀಟರನ್ನು ಓಮ್‌ಗೆ ಇಟ್ಟು ಎರಡೆರಡು ವೈರಿಗೆ ತಾಗಿಸಿ, ಮೂರು ಜೋಡಿಯನ್ನೂ ಅಳೆಯಿರಿ. ಮೂರರಲ್ಲೂ ಅಂಕಿ ಬರಬೇಕು, ಮತ್ತು ಚಿಕ್ಕ ಎರಡು ಕೂಡಿದರೆ ದೊಡ್ಡದು ಬರಬೇಕು. ಉದಾಹರಣೆಗೆ 40, 50, 90. ಅಂಕಿ ಮೋಟಾರಿನಿಂದ ಮೋಟಾರಿಗೆ ಬೇರೆ, ಈ ಕೂಡುವ ಲೆಕ್ಕ ಮಾತ್ರ ಒಂದೇ. ಎಲ್ಲೋ ಅಂಕಿಯೇ ಬರದಿದ್ದರೆ ಮೋಟಾರ್ ಪೂರ್ತಿ ತಣ್ಣಗಾಗಲು ಬಿಟ್ಟು ಮತ್ತೆ ನೋಡಿ. ಆಗ ಬಂದರೆ ಒಳಗಿನ ಶಾಖದ ಕಾವಲು ಸ್ವಿಚ್ ಕೆಲಸ ಮಾಡಿದೆ, ಬಿಸಿಯಾದ ಕಾರಣ ಹುಡುಕಿ. ಬರಲೇ ಇಲ್ಲ ಅಂದರೆ ಒಳಗಿನ ಥರ್ಮಲ್ ಫ್ಯೂಸ್ (ಅತಿ ಬಿಸಿಯಾದರೆ ಒಂದೇ ಸಲ ಕಡಿದುಹೋಗುವ ಫ್ಯೂಸ್) ಅಥವಾ ಸುರುಳಿ ಹೋಗಿದೆ. ಫ್ಯೂಸ್ ಮಾತ್ರ ಹೋಗಿದ್ದರೆ ವೈಂಡಿಂಗ್ ಅಂಗಡಿಯಲ್ಲಿ ಅದೇ ಡಿಗ್ರಿಯ ಹೊಸದು ಹಾಕುತ್ತಾರೆ. ಫ್ಯೂಸ್ ಕಿತ್ತು ವೈರ್ ಸೇರಿಸಿ ಕೊಡಲು ಬಿಡಬೇಡಿ, ಮುಂದಿನ ಸಲ ಬೆಂಕಿಯೇ ಹತ್ತಬಹುದು.

ಮೀಟರಿನ ಒಂದು ಕಡ್ಡಿಯನ್ನು ಮೋಟಾರಿನ ಮೈಗೆ, ಇನ್ನೊಂದನ್ನು ಒಂದೊಂದೇ ವೈರಿಗೆ ಇಟ್ಟು ದೊಡ್ಡ ಓಮ್ ಗುರುತಿನಲ್ಲಿ ನೋಡಿ. ಏನೂ ತೋರಿಸಬಾರದು. ತೋರಿಸಿದರೆ ಕರೆಂಟ್ ಮೈಗೆ ಬರುತ್ತಿದೆ. ಆ ಮೋಟಾರನ್ನು ಮತ್ತೆ ಹಾಕುವ ಮಾತೇ ಇಲ್ಲ.

ಹೊಸ ಮೋಟಾರ್ ಕೊಳ್ಳುವಾಗ ತಾಮ್ರದ್ದಾ ಅಲ್ಯೂಮಿನಿಯಮ್ಮಿನದ್ದಾ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿ. ಶಾಫ್ಟಿನ ದಪ್ಪ, ಉದ್ದ ಹಳೆಯದಕ್ಕೆ ಹೊಂದಬೇಕು. ಬೆಂಗಳೂರಿನವರಿಗೆ ಎಸ್‌.ಪಿ. ರೋಡ್ ಇದೆ, ಬೇರೆ ಊರಿನಲ್ಲಿ ಪಂಪ್‌ಸೆಟ್ ವೈಂಡಿಂಗ್ ಮಾಡುವವರನ್ನು ಕೇಳಿದರೆ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಹೇಳುತ್ತಾರೆ. ಮೆಕ್ಯಾನಿಕ್ ಕೈಯಲ್ಲಿ ಮಾಡಿಸುವುದಾದರೆ ಬಿಚ್ಚಿದ ಹಳೇ ಭಾಗವನ್ನು ವಾಪಸ್ ಕೇಳಿ. "ಸುಟ್ಟಿದೆ" ಅಂದರೆ "ಮೀಟರ್ ಇಟ್ಟು ತೋರಿಸಿ ಅಣ್ಣಾ" ಅನ್ನಿ. ಗೊತ್ತಿರುವವರು ಬೇಜಾರಿಲ್ಲದೆ ತೋರಿಸುತ್ತಾರೆ.

ಎಲ್ಲ ಜೋಡಿಸಿದ ಮೇಲೆ ಹಿಂದಿನ ಕವರ್ ಹಾಕಿಯೇ ಪ್ಲಗ್ ಹಾಕಿ. ಮೊದಲು ಖಾಲಿ ಟಬ್ ಒಂದು ನಿಮಿಷ, ಆಮೇಲೆ ಎರಡು ಒದ್ದೆ ಟವೆಲ್. ಓಡುತ್ತಿರುವಾಗ ಮುಚ್ಚಳ ಎತ್ತಿ ನೋಡಿ. ಮೋಟಾರ್ ತಕ್ಷಣ ಆಫ್ ಆಗಿ, ಟಬ್ ಕೆಲವೇ ಸೆಕೆಂಡಿನಲ್ಲಿ ನಿಲ್ಲಬೇಕು. ನಿಲ್ಲದೆ ಸುತ್ತುತ್ತಲೇ ಇದ್ದರೆ ಬ್ರೇಕ್ ತಂತಿ ಅತಿ ಬಿಗಿಯಾಗಿದೆ, ಸ್ವಲ್ಪ ಸಡಿಲಿಸಿ.

ಬಿಸಿ ಗಾಳಿಯ ಡ್ರೈಯರ್ ಇರುವವರಿಗೆ

ಅಮೆರಿಕದಲ್ಲೋ ಕೆನಡಾದಲ್ಲೋ ಇರುವವರ ಮನೆಯ ಡ್ರೈಯರ್ ಬೇರೆ ಜಾತಿ. ಅಲ್ಲಿ ದೊಡ್ಡ ಡ್ರಮ್ಮನ್ನು ಒಂದು ಸಪೂರ ಬೆಲ್ಟ್ ತಿರುಗಿಸುತ್ತದೆ. ಪ್ಲಗ್ ತೆಗೆದು, ಬಾಗಿಲು ತೆರೆದು ಡ್ರಮ್ಮನ್ನು ಕೈಯಿಂದ ತಿರುಗಿಸಿ. ಯಾವ ತಡೆಯೂ ಇಲ್ಲದೆ ಗರಗರ ತಿರುಗಿದರೆ ಬೆಲ್ಟ್ ತುಂಡಾಗಿದೆ. ಕೆಲವು ಮಾಡೆಲ್‌ಗಳಲ್ಲಿ ಬೆಲ್ಟ್ ತುಂಡಾದರೆ ಮೋಟಾರನ್ನೂ ನಿಲ್ಲಿಸುವ ಸ್ವಿಚ್ ಇರುತ್ತದೆ, ಹಾಗಾಗಿ ಸದ್ದಿಲ್ಲದಿದ್ದರೂ ಬೆಲ್ಟ್ ನೋಡಿ. ತಿರುಗಿಸಲು ಕಷ್ಟವಾದರೆ ಕೆಳಗಿನ ರೋಲರ್‌ಗಳು ಅಥವಾ ಬೆಲ್ಟ್ ಬಿಗಿ ಹಿಡಿಯುವ ಪುಲ್ಲಿ ಸವೆದಿವೆ. ಸ್ಟಾರ್ಟ್ ಒತ್ತಿದರೆ ಏನೂ ಆಗದಿದ್ದರೆ ಬಾಗಿಲಿನ ಸ್ವಿಚ್ ಮತ್ತು ಥರ್ಮಲ್ ಫ್ಯೂಸ್ ಅಳೆಯಿರಿ. ಫ್ಯೂಸ್ ಹೋಗಿದ್ದರೆ ಬದಲಿಸಿ ಸುಮ್ಮನಾಗಬೇಡಿ. ಗಾಳಿ ಹೊರಹೋಗುವ ಪೈಪಿನಲ್ಲಿ ಬಟ್ಟೆಯ ನವಿರು ಕಟ್ಟಿ ಬಿಸಿ ಏರಿರುವ ಸಾಧ್ಯತೆಯೇ ಜಾಸ್ತಿ. ಅದನ್ನು ಮೆಷಿನ್ನಿನಿಂದ ಹೊರಗೋಡೆಯ ತನಕ ಶುಚಿ ಮಾಡಿ. ಗ್ಯಾಸಿನ ಡ್ರೈಯರ್ ಆಗಿದ್ದರೆ ಜಾಗದಿಂದ ಎಳೆಯುವ ಮೊದಲು ಗ್ಯಾಸ್ ವಾಲ್ವ್ ಮುಚ್ಚಿ.